ಟಿಪ್ಪೆರರಿಯ ಎರಡು ಚೆಂಡುಗಳು

ಒಂದೇ ಮನೆಯಲ್ಲಿ ಬೆಳೆದ ಇಬ್ಬರು ಮಕ್ಕಳಲ್ಲಿ ಹಿರಿಯನು ನಾಲ್ಕು ಊರುಗಳಲ್ಲಿ ಹೆಸರುವಾಸಿಯಾಗಿಯೂ ಕಿರಿಯನು ಯಾರ ಎಣಿಕೆಗೂ ಬಾರದವನಾಗಿಯೂ ಇರುವುದು ಲೋಕದಲ್ಲಿ ಅಪರೂಪವಲ್ಲ. ಐರ್ಲೆಂಡಿನ ದಕ್ಷಿಣಭಾಗದಲ್ಲಿರುವ ಟಿಪ್ಪೆರರಿ ಎಂಬ ಜಿಲ್ಲೆಯಲ್ಲಿ ಎರಡು ಆಟಗಳಿಗೆ ಇಂಥದೇ ಸಂಬಂಧವುಂಟು. ಹಿರಿಯದು ಹರ್ಲಿಂಗ್ ಎಂಬ ಕೋಲುಚೆಂಡಿನ ಆಟ. ಕಿರಿಯದು ಗೇಲಿಕ್ ಫುಟ್‌ಬಾಲ್. ಅಖಿಲ ಐರ್ಲೆಂಡಿನ ಹರ್ಲಿಂಗ್ ಪ್ರಶಸ್ತಿಯನ್ನು ಈ ಜಿಲ್ಲೆಯವರು ೨೦೨೫ರವರೆಗೆ ೨೯ ಸಲ ಗೆದ್ದಿರುವರು. ಫುಟ್‌ಬಾಲ್ ಪ್ರಶಸ್ತಿಯನ್ನು ಕೇವಲ ೪ ಸಲ. ಆದರೂ ಈ ಜಿಲ್ಲೆಯ ಆಟಗಳ ಇತಿಹಾಸದಲ್ಲಿ ಎಲ್ಲಕ್ಕಿಂತ ಭಾರವಾದ ದುಃಖವನ್ನು ಹೊತ್ತುದು ಕಿರಿಯ ಆಟವೇ. ಆ ವೃತ್ತಾಂತವನ್ನು ನಮ್ಮ ವಾಚಕರಿಗೆ ತಿಳಿಸಬೇಕೆಂದು ಈ ಲೇಖನಕ್ಕೆ ತೊಡಗಿದ್ದೇವೆ.

ಮೊದಲು ಆಟಗಳ ಪರಿಚಯ. ಹರ್ಲಿಂಗಿನಲ್ಲಿ ಪಕ್ಷವೊಂದಕ್ಕೆ ೧೫ ಮಂದಿ. ಪ್ರತಿಯೊಬ್ಬನ ಕೈಯಲ್ಲಿಯೂ ಆಷ್ ಎಂಬ ಮರದ ಬುಡದಿಂದ ಕೊಯ್ದು ಮಾಡಿದ, ತುದಿಯಲ್ಲಿ ಬಾಗಿ ಅಗಲವಾಗಿರುವ ಕೋಲಿರುತ್ತದೆ. ಚರ್ಮದ ಹೊದಿಕೆಯ ಸಣ್ಣ ಚೆಂಡನ್ನು ನೆಲದ ಮೇಲಾಗಲಿ ಗಾಳಿಯಲ್ಲಾಗಲಿ ಹೊಡೆಯಬಹುದು, ಕೈಯಿಂದ ಹಿಡಿಯಬಹುದು, ಕೋಲಿನ ತುದಿಯ ಮೇಲೆ ಕುಣಿಸುತ್ತ ಓಡಲೂಬಹುದು. ಎರಡು ಕಂಬಗಳ ನಡುವೆ ಅಡ್ಡಪಟ್ಟಿಯ ಕೆಳಗೆ ಚೆಂಡು ಹೊಕ್ಕರೆ ಗೋಲು, ಅದಕ್ಕೆ ಮೂರು ಅಂಕ. ಪಟ್ಟಿಯ ಮೇಲೆ ಹಾಯ್ದರೆ ಒಂದು ಅಂಕ. ಗೇಲಿಕ್ ಫುಟ್‌ಬಾಲಿಗೆ ಮೈದಾನವೂ ಕಂಬಗಳೂ ಅವೇ. ಚೆಂಡು ಮಾತ್ರ ದೊಡ್ಡದು. ಅದನ್ನು ಕಾಲಿನಿಂದ ಒದೆಯುವುದಲ್ಲದೆ ಕೈಯಲ್ಲಿ ಹಿಡಿದು ಒಯ್ಯುವುದಕ್ಕೂ ನಿಯಮಬದ್ಧವಾದ ಅವಕಾಶವುಂಟು. ದಂಡಿಯ ದಶಕುಮಾರಚರಿತೆಯಲ್ಲಿ ರಾಜಕುಮಾರಿಯು ಚೆಂಡಾಡುವ ವರ್ಣನೆಯನ್ನೋದಿ, ಕಂದುಕಕ್ರೀಡೆಯೆಂದರೆ ಲಾಲಿತ್ಯವೆಂದೇ ತಿಳಿದಿರುವ ನಮ್ಮಂಥವರಿಗೆ ಇವು ಆಟಗಳಾಗಿ ತೋರದೆ ಕಾಳಗಗಳಾಗಿಯೇ ತೋರುತ್ತವೆ. ಆದರೆ ಈ ಕಾಳಗಕ್ಕೆ ಸಂಬಳವಿಲ್ಲ. ರೈತನೋ ಉಪಾಧ್ಯಾಯನೋ ಬಡಗಿಯೋ ತನ್ನ ದುಡಿಮೆಯನ್ನು ಮುಗಿಸಿ, ಸಾಮಾನ್ಯವಾಗಿ ತಾನು ಹುಟ್ಟಿ ಬೆಳೆದ ಊರಿನ ಪರವಾಗಿಯೇ ಆಡುತ್ತಾನೆ.

ಹರ್ಲಿಂಗ್ ಬಹು ಪ್ರಾಚೀನವಾದುದು. ೧೩೬೬ನೆಯ ಇಸವಿಯಲ್ಲಿ ಕಿಲ್ಕೆನ್ನಿ ನಗರದಲ್ಲಿ ಆಂಗ್ಲ ಪ್ರಭುಗಳು ಮಾಡಿದ ಶಾಸನಗಳು ಈ ಆಟವನ್ನು ನಿಷೇಧಿಸಿದ್ದುವು. ನಿಷೇಧಿಸಬೇಕಾದರೆ ಆಡುವವರು ಇದ್ದಿರಲೇಬೇಕಷ್ಟೆ! ಆದರೆ ೧೮೪೫ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಮಹಾಕ್ಷಾಮವುಂಟಾದಾಗ, ಹಳ್ಳಿಗಳಲ್ಲಿ ಜನರೇ ಉಳಿಯದಿರಲು ಆಟವೆಲ್ಲಿಂದ ಉಳಿಯಬೇಕು? ತರುವಾಯದ ವರ್ಷಗಳಲ್ಲಿ ಟಿಪ್ಪೆರರಿಯ ಹಳ್ಳಿಹಳ್ಳಿಗಳಲ್ಲಿ ಕ್ರಿಕೆಟ್ ಹಬ್ಬಿತ್ತೆಂದರೆ ವಾಚಕರಿಗೆ ಆಶ್ಚರ್ಯವಾದೀತು.

೧೮೮೪ರ ನವೆಂಬರ್ ೧ರಂದು ಈ ಜಿಲ್ಲೆಯ ಥರ್ಲೆಸ್ ಎಂಬ ಪಟ್ಟಣದ ಹೇಸ್ ಹೋಟೆಲಿನಲ್ಲಿ ಬೆರಳೆಣಿಕೆಯ ಜನರು ಕೂಡಿ, ದೇಶೀಯ ಆಟಗಳ ಪುನರುದ್ಧಾರಕ್ಕಾಗಿ ಗೇಲಿಕ್ ಕ್ರೀಡಾಸಂಘವನ್ನು ಸ್ಥಾಪಿಸಿದರು. ಅವರಲ್ಲಿ ಮುಂದಾಳಾದ ಮೈಕೇಲ್ ಕ್ಯೂಸಾಕನು ಉಪಾಧ್ಯಾಯ ವೃತ್ತಿಯವನು. ಇದನ್ನು ಹೇಳಲು ನಮಗೆ ಸ್ವಲ್ಪ ಹೆಮ್ಮೆಯೇ. ಪ್ರಥಮಾಧ್ಯಕ್ಷನಾದ ಮಾರಿಸ್ ಡ್ಯಾವಿನನು ಟಿಪ್ಪೆರರಿಯವನು, ಗುಂಡೆಸೆತದಲ್ಲಿಯೂ ಮತ್ತಿತರ ಸ್ಪರ್ಧೆಗಳಲ್ಲಿಯೂ ಪ್ರಖ್ಯಾತನು. ಥರ್ಲೆಸಿನಲ್ಲಿದ್ದ ಮಹಾಧರ್ಮಾಧ್ಯಕ್ಷ ಕ್ರೋಕರು ಪೋಷಕರಾಗಲೊಪ್ಪಿ, ಪರದೇಶದ ಆಟಗಳನ್ನು ಖಂಡಿಸಿ ಪತ್ರ ಬರೆದರು. ಕಾಲಕ್ರಮದಲ್ಲಿ ಸಂಘವು ಕ್ರಿಕೆಟ್ ಮೊದಲಾದವುಗಳನ್ನಾಡುವ ಸದಸ್ಯರನ್ನು ಹೊರಹಾಕುವ ನಿಯಮವನ್ನೇ ಮಾಡಿತು. ಅದು ೧೯೭೧ರವರೆಗೆ ಉಳಿದುದು ಅತಿಯಾಯಿತೆಂದೇ ನಮ್ಮ ಅಭಿಪ್ರಾಯ. ಒಂದನ್ನು ಪ್ರೀತಿಸುವುದಕ್ಕೆ ಮತ್ತೊಂದನ್ನು ಶಪಿಸಬೇಕಾಗಿಲ್ಲ.

ಮೊದಲನೆಯ ಹರ್ಲಿಂಗ್ ಪ್ರಶಸ್ತಿ ೧೮೮೭ರದು. ಅದರ ಅಂತಿಮ ಪಂದ್ಯವು ೧೮೮೮ರ ಏಪ್ರಿಲ್ ೧ರಂದು ಬರ್ ಎಂಬ ಊರಿನಲ್ಲಿ ನಡೆದು, ಥರ್ಲೆಸಿನವರು ಗಾಲ್ವೇ ಜಿಲ್ಲೆಯವರನ್ನು ಸೋಲಿಸಿದರು. ಆ ಕಾಲದಲ್ಲಿ ಜಿಲ್ಲೆಯಲ್ಲಿ ಗೆದ್ದ ಊರಿನ ತಂಡವೇ ಜಿಲ್ಲೆಯ ಹೆಸರಿನಲ್ಲಿ ಆಡುತ್ತಿದ್ದಿತು. ಟಬ್ಬರಡೋರಾ ಎಂಬ ಪುಟ್ಟ ಸ್ಥಳದ ರೈತರು ೧೮೯೫, ೧೮೯೬ ಮತ್ತು ೧೮೯೮ರಲ್ಲಿ ಹೀಗೆ ದೇಶವನ್ನೇ ಗೆದ್ದರು. ಫುಟ್‌ಬಾಲ್ ಕೂಡ ಆಗ ಹಿಂದೆ ಬಿದ್ದಿರಲಿಲ್ಲ. ೧೮೮೯ರ ಪ್ರಶಸ್ತಿಯು ಅದಕ್ಕೆ ದೊರೆತಿದ್ದಿತು. ೧೮೯೬ರ ಮಾರ್ಚ್ ೧೫ರಂದು ಡಬ್ಲಿನ್ನಿನ ಜೋನ್ಸ್ ರಸ್ತೆಯ ಮೈದಾನದಲ್ಲಿ, ಹಿಂದಿನ ವರ್ಷಕ್ಕೆ ಸಂದ ಎರಡು ಅಂತಿಮ ಪಂದ್ಯಗಳೂ ಒಂದೇ ದಿನ ನಡೆದುವು. ಎರಡನ್ನೂ ಟಿಪ್ಪೆರರಿಯೇ ಗೆದ್ದಿತು. ೧೯೦೦ರ ಎರಡು ಪ್ರಶಸ್ತಿಗಳೂ ಅದರವೇ. ಆ ಮೈದಾನವನ್ನು ೧೯೧೩ರಲ್ಲಿ ಸಂಘವು ಕೊಂಡು, ಕ್ರೋಕರ ನೆನಪಿಗಾಗಿ ಕ್ರೋಕ್ ಪಾರ್ಕ್ ಎಂದು ಹೆಸರಿಟ್ಟಿತು.

ಇನ್ನು ೧೯೨೦. ಐರ್ಲೆಂಡಿನವರು ಸ್ವಾತಂತ್ರ್ಯಕ್ಕಾಗಿ ಆಂಗ್ಲ ಸರ್ಕಾರದೊಡನೆ ಹೋರಾಡುತ್ತಿದ್ದ ಕಾಲ. ನವೆಂಬರ್ ೨೧ ಆದಿತ್ಯವಾರ ಬೆಳಗ್ಗೆ ಮೈಕೇಲ್ ಕಾಲಿನ್ಸನ ಕಡೆಯವರು ಡಬ್ಲಿನ್ನಿನಲ್ಲಿ ಆಂಗ್ಲರ ಗುಪ್ತಚಾರರ ಮನೆಗಳಿಗೆ ನುಗ್ಗಿ ಹಲವರನ್ನು ಕೊಂದಿದ್ದರು. ಮಧ್ಯಾಹ್ನ ಕ್ರೋಕ್ ಪಾರ್ಕಿನಲ್ಲಿ ಟಿಪ್ಪೆರರಿಗೂ ಡಬ್ಲಿನ್ನಿಗೂ ಫುಟ್‌ಬಾಲ್ ಪಂದ್ಯ ಗೊತ್ತಾಗಿದ್ದಿತು. ನಗರದ ಸ್ಥಿತಿ ಹೀಗಿದ್ದರೂ ಸಾವಿರಾರು ಜನರು ನೆರೆದರು. ಆಟ ಪ್ರಾರಂಭವಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಸರ್ಕಾರದ ಪೋಲೀಸು ಪಡೆಗಳು ಮೈದಾನಕ್ಕೆ ನುಗ್ಗಿ ಗುಂಡು ಹಾರಿಸತೊಡಗಿದುವು. ಗುಂಡಿನ ಸುರಿಮಳೆ ನಡೆದುದು ಒಂದೆರಡು ನಿಮಿಷ ಮಾತ್ರ. ಸತ್ತವರು ೧೪ ಮಂದಿ. ಅವರಲ್ಲಿ ೧೦, ೧೧ ಮತ್ತು ೧೪ ವರ್ಷದ ಮೂವರು ಬಾಲಕರಿದ್ದರು. ಕೆಲವೇ ದಿನಗಳಲ್ಲಿ ಮದುವೆಯಾಗಬೇಕಾಗಿದ್ದ ಒಬ್ಬ ತರುಣಿಯಿದ್ದಳು. ಆಟಗಾರರ ಪೈಕಿ ಸತ್ತವನೊಬ್ಬನೇ: ಟಿಪ್ಪೆರರಿಯ ರಕ್ಷಣಪಂಕ್ತಿಯಲ್ಲಿದ್ದ ಮೈಕೇಲ್ ಹೋಗನ್. ವಯಸ್ಸು ೨೪, ಸ್ಲೀವ್‌ನಮಾನ್ ಬೆಟ್ಟದ ಬಳಿಯ ಗ್ರೇಂಜ್‌ಮಾಕ್ಲರ್ ಎಂಬ ಹಳ್ಳಿಯವನು. ಗುಂಡು ತಗುಲಿ ಬಿದ್ದ ಹೋಗನನ ಪಕ್ಕದಲ್ಲಿ ಪ್ರಾರ್ಥಿಸುತ್ತಿದ್ದ ಪ್ರೇಕ್ಷಕನೊಬ್ಬನೂ ಗುಂಡಿಗೆ ಬಲಿಯಾದನು. ಮುಂದೆ ಆ ಮೈದಾನದ ಪ್ರಧಾನ ಪ್ರೇಕ್ಷಕಗೃಹಕ್ಕೆ ಹೋಗನನ ಹೆಸರನ್ನಿಟ್ಟರು. ಪ್ರತಿವರ್ಷವೂ ವಿಜೇತ ತಂಡದ ನಾಯಕನು ಪ್ರಶಸ್ತಿಪಾತ್ರೆಯನ್ನು ಸ್ವೀಕರಿಸುವುದು ಅಲ್ಲಿಯೇ.

೧೯೨೦ರ ಪ್ರಶಸ್ತಿಯ ಅಂತಿಮ ಪಂದ್ಯವು ಯುದ್ಧದ ಕಾರಣ ೧೯೨೨ರ ಜೂನ್‌ವರೆಗೆ ತಡೆದು ನಡೆಯಿತು. ಮೈದಾನ ಅದೇ; ಎದುರಾಳಿಗಳು ಅದೇ ಡಬ್ಲಿನ್ನಿನವರು. ಟಿಪ್ಪೆರರಿ ಗೆದ್ದಿತು. ಫುಟ್‌ಬಾಲಿನಲ್ಲಿ ಅದಕ್ಕೆ ದೊರೆತ ಅಖಿಲ ಐರ್ಲೆಂಡ್ ಪ್ರಶಸ್ತಿಗಳಲ್ಲಿ ಅದೇ ಕಡೆಯದು.

ಅಲ್ಲಿಂದ ಮುಂದೆ ಹಿರಿಯ ಆಟದ ಕೀರ್ತಿಯೇ ಕೀರ್ತಿ. ೧೯೪೯ರಿಂದ ೧೯೬೫ರೊಳಗೆ ಟಿಪ್ಪೆರರಿಯವರು ಎಂಟು ಹರ್ಲಿಂಗ್ ಪ್ರಶಸ್ತಿಗಳನ್ನು ಗೆದ್ದರು. ಜಾನ್ ಡಾಯ್ಲ್ ಎಂಬಾತನು ಎಂಟರಲ್ಲಿಯೂ ಪಾಲುಗಾರನಾದನು. ೧೯೭೧ರ ಬಳಿಕ ಅದೃಷ್ಟ ತಿರುಗಿತು. ೧೯೮೪ರಲ್ಲಿ ಸಂಘದ ಶತಮಾನೋತ್ಸವದ ಹರ್ಲಿಂಗ್ ಅಂತಿಮ ಪಂದ್ಯವನ್ನು ಗೌರವಾರ್ಥವಾಗಿ ಥರ್ಲೆಸಿನಲ್ಲಿಯೇ ಏರ್ಪಡಿಸಿದರು. ಆಡಿದವರು ಮಾತ್ರ ಕಾರ್ಕ್ ಮತ್ತು ಆಫಲಿ ಜಿಲ್ಲೆಗಳವರು. ತನ್ನ ಮನೆಯ ಮದುವೆಯಲ್ಲಿ ತಾನೇ ಅತಿಥಿಯಾಗಿ ಕುಳಿತಂತಾಯಿತು. ಆ ಬರಿಗಾಲವನ್ನು ಅಲ್ಲಿಯ ಜನರು ಕ್ಷಾಮವೆಂದೇ ಕರೆದರು. ಆ ದೇಶದಲ್ಲಿ ಆ ಶಬ್ದವು ಹಗುರವಾದುದಲ್ಲ. ೧೯೮೯ರಲ್ಲಿ ಅದು ನೀಗಿತು. ೨೦೨೫ರ ಜುಲೈ ೨೦ರ ಅಂತಿಮ ಪಂದ್ಯದಲ್ಲಿ ಅರ್ಧಾವಧಿಗೆ ಕಾರ್ಕಿನವರಿಗಿಂತ ಆರು ಅಂಕ ಹಿಂದಿದ್ದವರು, ಉತ್ತರಾರ್ಧದಲ್ಲಿ ಎದುರಾಳಿಗಳಿಗೆ ಎರಡೇ ಅಂಕಗಳನ್ನು ಬಿಟ್ಟುಕೊಟ್ಟು, ೧೫ ಅಂಕಗಳಿಂದ ಗೆದ್ದರು.

ಕಿರಿಯ ಆಟದ ಗತಿಯೇನಾಯಿತು? ಐರ್ಲೆಂಡಿನ ನಾಲ್ಕು ಪ್ರಾಂತಗಳಲ್ಲಿ ಮನ್‌ಸ್ಟರ್ ಒಂದು. ಟಿಪ್ಪೆರರಿಯು ಅದಕ್ಕೆ ಸೇರಿದುದು. ೧೯೩೫ರಲ್ಲಿ ಆ ಪ್ರಾಂತದ ಫುಟ್‌ಬಾಲ್ ಪ್ರಶಸ್ತಿ ಬಂದುದೇ. ಮತ್ತೆ ೮೫ ವರ್ಷ ಬರಲಿಲ್ಲ. ೨೦೨೦ರ ನವೆಂಬರ್ ೨೨ರಂದು, ಎಂದರೆ ಹೋಗನನು ಸತ್ತು ನೂರು ವರ್ಷ ತುಂಬಿದ ಮರುದಿನ, ಕಾರ್ಕ್ ನಗರದಲ್ಲಿ ಮನ್‌ಸ್ಟರಿನ ಅಂತಿಮ ಪಂದ್ಯ. ಕೋವಿಡ್ ಸಾಂಕ್ರಾಮಿಕದ ನಿಮಿತ್ತ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಟಿಪ್ಪೆರರಿಯವರು ತಮ್ಮ ನೀಲಿ-ಹಳದಿ ಅಂಗಿಗಳನ್ನು ಬಿಟ್ಟು, ೧೯೨೦ರ ತಂಡವು ತೊಟ್ಟಿದ್ದಂಥ ಬಿಳಿ-ಹಸುರು ಅಂಗಿಗಳನ್ನು ತೊಟ್ಟು ಬಂದರು. ಗೆಲ್ಲುವರೆಂದು ನಿರೀಕ್ಷಿಸಿದವರು ವಿರಳ. ಕಾರ್ಕಿನ ೧೪ ಅಂಕಗಳಿಗೆ ೧೭ ಅಂಕಗಳನ್ನು ಗಳಿಸಿ ಅವರು ಗೆದ್ದರು. ಇನ್ನೊಂದು ವಿಚಿತ್ರವನ್ನು ಕೇಳಿ: ಆ ವರ್ಷ ನಾಲ್ಕು ಪ್ರಾಂತಗಳಲ್ಲಿ ಗೆದ್ದವರು ಡಬ್ಲಿನ್, ಕ್ಯಾವನ್, ಮೇಯೋ ಮತ್ತು ಟಿಪ್ಪೆರರಿ, ೧೯೨೦ರಲ್ಲಿ ಗೆದ್ದಿದ್ದವರೂ ಇವೇ ನಾಲ್ವರು.

ಎರಡು ವಾರಗಳ ತರುವಾಯ, ದಟ್ಟವಾದ ಮಂಜು ಕವಿದ ಕ್ರೋಕ್ ಪಾರ್ಕಿನಲ್ಲಿ, ಹೋಗನನ ಹೆಸರಿನ ಆ ಪ್ರೇಕ್ಷಕಗೃಹದ ಮುಂದೆ ಅವರು ಮೇಯೋ ತಂಡಕ್ಕೆ ಸೋತು ಊರಿಗೆ ಹಿಂದಿರುಗಿದರು.