ಸೀಸದ ಪಟ್ಟಿ ಬಿಚ್ಚಿಟ್ಟ ಗುಟ್ಟು

ನಿಮಗಿದು ಗೊತ್ತೆ?

ವಿದ್ಯುತ್ತಿಗೆ ತಡೆಯೇ ಒಡ್ಡದ ಅತಿವಾಹಕದಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಸಾಗುತ್ತವೆ. ಆ ಜೋಡಿ ಮುರಿಯಲು ಬೇಕಾದ ಕನಿಷ್ಠ ಶಕ್ತಿಗೂ, ಎಲೆಕ್ಟ್ರಾನ್‌ಗಳಿಗೆ ಎಡೆಯಿಲ್ಲದ ಶಕ್ತಿಗಳ ಶ್ರೇಣಿಯಾದ ‘ಶಕ್ತಿ ಅಂತರ’ಕ್ಕೂ ನೇರ ನಂಟು. 1957ರಲ್ಲಿ ಭೌತವಿಜ್ಞಾನಿಗಳಾದ ಬಾರ್ಡೀನ್, ಕೂಪರ್, ಶ್ರೀಫರ್ ಇದನ್ನು ಸಿದ್ಧಾಂತದಲ್ಲಿ ವಿವರಿಸಿದರು. ಬರಿಯ ವೋಲ್ಟ್‌ಮೀಟರ್, ಆಮ್‌ಮೀಟರ್‌ಗಳಿಂದಲೇ ಈ ಅಂತರವನ್ನು ಅಳೆದು ತೋರಿಸಿದವರು ನಾರ್ವೆ ಮೂಲದ ಐವರ್ ಯೇವರ್.

• ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿದ್ದ ಅವರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್!

• 1960ರಲ್ಲಿ ಗಾಜಿನ ಮೇಲೆ ಅಲ್ಯೂಮಿನಿಯಂ ಲೇಪಿಸಿ, ಗಾಳಿಗೆ ಒಡ್ಡಿದರು. ಅದರ ಮೇಲೆ ಕೂದಲಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವಾದ ಆಕ್ಸೈಡ್ ಪೊರೆ ಕಟ್ಟಿತು. ಮೇಲೆ ಅಡ್ಡಲಾಗಿ ಸೀಸದ ಪಟ್ಟಿ.

• ಇದನ್ನು ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಂನಲ್ಲಿ ಇಳಿಬಿಟ್ಟಾಗ ಸೀಸ ಅತಿವಾಹಕವಾಯಿತು. ಸಣ್ಣ ವೋಲ್ಟೇಜಿಗೆ ಪೊರೆ ದಾಟಿದ ವಿದ್ಯುತ್ ತೀರಾ ಕಡಿಮೆ. ಒಂದು ಮಿಲಿವೋಲ್ಟ್ ಆಸುಪಾಸಿನಲ್ಲಿ ಸರ್ರನೆ ಏರಿತು. ಆ ಏರಿಕೆಯ ಜಾಗವೇ ಅಂತರದ ಅಳತೆ. ಟಾರ್ಚಿನ ಸೆಲ್ಲಿನ ವೋಲ್ಟೇಜ್ ಈ ಒಂದು ಮಿಲಿವೋಲ್ಟಿನ ಸಾವಿರ ಪಟ್ಟಿಗೂ ಹೆಚ್ಚು!

• ಬಲವಾದ ಕಾಂತಕ್ಷೇತ್ರ ಒಡ್ಡಿದೊಡನೆ ಅತಿವಾಹಕತೆ ಅಳಿದು, ವೋಲ್ಟೇಜ್-ವಿದ್ಯುತ್ ಗ್ರಾಫಿನ ಬಾಗು ಮಾಯವಾಗಿ ನೇರ ಗೆರೆ ಮೂಡಿತು. ಆ ಬಾಗಿಗೆ ಅತಿವಾಹಕತೆಯೇ ಕಾರಣ ಎಂಬುದರಲ್ಲಿ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ.

• 1973ರಲ್ಲಿ ಭೌತವಿಜ್ಞಾನಿಗಳಾದ ಎಸಾಕಿ, ಜೋಸೆಫ್‌ಸನ್ ಜೊತೆ ಯೇವರ್ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡರು.