ಮೋಟಾರಿನ ಹೊಗೆಕೊಳವೆ: ಗೃಹಸ್ಥರು ತಿಳಿದಿರಬೇಕಾದ ಕೆಲವು ವಿಷಯಗಳು

ಮನೆಯಲ್ಲಿ ಮೋಟಾರು ಕಾರನ್ನಿಟ್ಟುಕೊಂಡಿರುವ ಗೃಹಸ್ಥರು ಅದರ ಬಣ್ಣಕ್ಕೂ ಗಾಲಿಗೂ ತೋರಿಸುವ ಆದರದಲ್ಲಿ ನೂರರಲ್ಲೊಂದು ಪಾಲನ್ನಾದರೂ ಅದರ ಹೊಗೆಕೊಳವೆಗೆ ತೋರಿಸುವುದಿಲ್ಲ. ಅದು ಅಡಿಭಾಗದಲ್ಲಿ ಮರೆಯಾಗಿರುವುದರಿಂದ, ತುಕ್ಕುಹಿಡಿದು ತೂತುಬಿದ್ದು ಗುಡುಗುವವರೆಗೂ ಅದರ ನೆನಪೇ ಆಗದು. ನಾನೂ ಈ ಮಾತಿಗೆ ಹೊರತಾದವನಲ್ಲ. ನನ್ನ ಅಜ್ಞಾನದಿಂದ ನಮ್ಮ ಮನೆಗೆ ಒದಗಲಿದ್ದ ಅಪಾಯವನ್ನು ವಾಚಕರ ಮುಂದಿಟ್ಟರೆ ಅವರಿಗಾದರೂ ಪ್ರಯೋಜನವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮದು 2014ರಲ್ಲಿ ಕೊಂಡ ಪೆಟ್ರೋಲ್ ಕಾರು. ಹೋದ ಮಳೆಗಾಲದಲ್ಲಿ ಅದರ ಸೈಲೆನ್ಸರ್ ತುಕ್ಕುತಿಂದು ಶಬ್ದ ಮಾಡತೊಡಗಿತು. ರಿಪೇರಿಯವನೊಬ್ಬನು ನೋಡಿ, "ಮೇಷ್ಟ್ರೇ, ಸೈಲೆನ್ಸರಿನ ಜೊತೆಗೆ ಈ ನಡುವಣ ಡಬ್ಬಿಯೂ ಕಟ್ಟಿಕೊಂಡಿದೆ. ಹೊಸದಕ್ಕೆ ಬಹಳ ದುಡ್ಡಾಗುತ್ತೆ. ಇದನ್ನು ತೆಗೆದು ಬರಿಯ ಪೈಪು ಹಾಕಿಬಿಡೋಣ. ಹಳೆಯದನ್ನು ನಾನೇ ಇಟ್ಟುಕೊಂಡು ಕೂಲಿ ಬಿಟ್ಟುಬಿಡ್ತೇನೆ" ಎಂದನು. ಕೂಲಿ ಉಳಿಯಿತೆಂಬ ಸಂತೋಷದಿಂದ ನಾನು ಒಪ್ಪಿಕೊಂಡೆನು.

ವಾರ ಕಳೆಯುವುದರೊಳಗೆ ಚಾಲಕನೆದುರಿನ ಫಲಕದಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪವು ಹೊತ್ತಿಕೊಂಡಿತು. ಪೆಟ್ರೋಲಿನ ವೆಚ್ಚವು ಏರಿತು. ಅದಕ್ಕೂ ಮಿಗಿಲಾಗಿ, ಒಂದು ದಿನ ಊರಿಗೆ ಹೊರಟಿದ್ದಾಗ ಹಿಂದಿನ ಸೀಟಿನಲ್ಲಿದ್ದ ಏಳು ವರ್ಷದ ಮೊಮ್ಮಗಳು, "ತಾತಾ, ಏನೋ ವಾಸನೆ, ತಲೆ ನೋಯುತ್ತೆ" ಎಂದು ಮುಖ ಬಾಡಿಸಿಕೊಂಡಳು. ಒಡನೆಯೇ ಗಾಡಿಯನ್ನು ನಿಲ್ಲಿಸಿ ಮಗುವನ್ನು ಹೊರಗಿಳಿಸಿ ಗಾಳಿಗೆ ಕೂರಿಸಿದೆವು. ಬಸ್ಸಿನಲ್ಲಿ ಮನೆಗೆ ಹಿಂದಿರುಗಿದೆವು. ಮರುದಿನ, ಈಗ ವರ್ಕ್‌ಷಾಪ್ ನಡೆಯಿಸುತ್ತಿರುವ ನನ್ನ ಹಳೆಯ ಶಿಷ್ಯನೊಬ್ಬನನ್ನು ಕರೆತಂದು ಗಾಡಿಯನ್ನು ತೋರಿಸಿದೆನು. ಅಂದು ಅವನು ಗುರುವಾದನು, ನಾನು ಶಿಷ್ಯನಾದೆನು. ಅವನಿಂದ ತಿಳಿದುದನ್ನೇ ಮುಂದೆ ಹೇಳುತ್ತೇನೆ.

ಪೆಟ್ರೋಲು ಉರಿದಾಗ ಇಂಜಿನ್ನಿನಿಂದ ಮುಖ್ಯವಾಗಿ ಮೂರು ದುಷ್ಟ ಪದಾರ್ಥಗಳು ಹೊರಡುವುವು: ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಹೈಡ್ರೋಕಾರ್ಬನ್, ಮತ್ತು ನೈಟ್ರೊಜನ್ನಿನ ಆಕ್ಸೈಡುಗಳು. ಇವುಗಳಲ್ಲಿ ಮೊದಲನೆಯದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಅದು ರಕ್ತವನ್ನು ಸೇರಿ ಆಮ್ಲಜನಕದ ಸ್ಥಾನವನ್ನು ಅಪಹರಿಸುವುದು. ತಲೆನೋವು ಅದರ ಮೊದಲ ಲಕ್ಷಣಗಳಲ್ಲೊಂದು.

ನಾನು ಬಿಟ್ಟುಕೊಟ್ಟ ಡಬ್ಬಿಯೇ ಈ ವಿಷಗಳನ್ನು ಅಡಗಿಸತಕ್ಕ ಕ್ಯಾಟಲಿಟಿಕ್ ಕನ್ವರ್ಟರ್. ಅದರೊಳಗೆ ಜೇನುಹುಟ್ಟಿನಂತೆ ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ದಿಂಡೊಂದಿದ್ದು, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳುವಾದ ಲೇಪವಿರುವುದು. ಬಿಸಿಯಾದ ಹೊಗೆಯು ಇದನ್ನು ಹಾದುಹೋಗುವಾಗ ವಿಷದ ಬಹುಭಾಗವು ಕಾರ್ಬನ್ ಡೈಆಕ್ಸೈಡ್, ನೀರು, ನೈಟ್ರೊಜನ್ ಆಗಿ ಮಾರ್ಪಡುವುದು. ಗಂಡುಹೆಣ್ಣುಗಳನ್ನು ಕೂಡಿಸಿ ತಾನು ಮಾತ್ರ ಇದ್ದಂತೆಯೇ ಉಳಿಯುವ ಮದುವೆಯ ಮಧ್ಯಸ್ಥನಂತೆ, ಈ ಲೋಹಗಳು ಕಾರ್ಯವನ್ನು ನಡೆಯಿಸಿಯೂ ವ್ಯಯವಾಗವು. ರಿಪೇರಿಯವನು ಕೂಲಿಯನ್ನು ಏಕೆ ಬಿಟ್ಟನೆಂಬುದು ಇಲ್ಲಿಗೆ ವಾಚಕರಿಗೆ ಸ್ಪಷ್ಟವಾಗಿರಬಹುದು.

ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಯೂಜೀನ್ ಹೌಡ್ರಿ ಎಂಬ ಇಂಜಿನಿಯರು 1950ರ ದಶಕದಲ್ಲಿಯೇ ಇಂಥ ಸಾಧನವನ್ನು ರಚಿಸಿದ್ದನು. ಆದರೆ ಆಗಿನ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದುದರಿಂದ ಆ ಸೀಸವು ಲೇಪವನ್ನು ಮುಚ್ಚಿ ಕೆಡಿಸುತ್ತಿದ್ದಿತು. ಸೀಸರಹಿತ ಪೆಟ್ರೋಲ್ ಒದಗಿದ ಮೇಲೆ, 1975ರ ಮಾದರಿಯ ಕಾರುಗಳಿಂದ ಮೊದಲಾಗಿ, ಅಮೆರಿಕದಲ್ಲಿ ಇದು ವ್ಯಾಪಕವಾಗಿ ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ 1995ರಲ್ಲಿ ದೆಹಲಿ, ಮುಂಬಯಿ, ಕಲ್ಕತ್ತೆ, ಮದರಾಸು ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಯಿತು. 2000ದಲ್ಲಿ ಸೀಸದ ಪೆಟ್ರೋಲ್ ದೇಶದಲ್ಲೆಲ್ಲ ನಿಂತಿತು.

ಕನ್ವರ್ಟರಿಗೆ ಸಹಾಯಕವಾದುದು ಆಕ್ಸಿಜನ್ ಸೆನ್ಸಾರ್. ಪೆಟ್ರೋಲ್ ಒಂದು ತೂಕಕ್ಕೆ ಗಾಳಿ ಸುಮಾರು 14.7 ತೂಕವಿದ್ದರೆ ಮಾತ್ರ ಮೂರು ವಿಷಗಳೂ ಒಟ್ಟಿಗೆ ಚೆನ್ನಾಗಿ ಅಡಗುವುವು. ಅಡುಗೆಯವರು ಸಾರಿನ ರುಚಿ ನೋಡಿ ಉಪ್ಪನ್ನು ಹೆಚ್ಚುಕಡಿಮೆ ಮಾಡುವಂತೆ, ಈ ಸೆನ್ಸಾರು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಇಂಜಿನ್ನಿನ ಕಂಪ್ಯೂಟರಿಗೆ ಸುದ್ದಿ ಕಳುಹಿಸುವುದು. ಅದರಂತೆ ಪೆಟ್ರೋಲಿನ ಪ್ರಮಾಣವು ಏರಿಳಿಯುವುದು. ಕನ್ವರ್ಟರಿನ ಆಚೆಗಿರುವ ಎರಡನೆಯ ಸೆನ್ಸಾರು ಕನ್ವರ್ಟರು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದು. ನಮ್ಮ ಗಾಡಿಯಲ್ಲಿ ದೀಪವನ್ನು ಹೊತ್ತಿಸಿದ್ದು ಇದೇ. ಇಷ್ಟಲ್ಲದೆ, ಮೊದಲನೆಯ ಸೆನ್ಸಾರಿಗೆ ಮುಂಚಿನ ಕೀಲನ್ನು ಸರಿಯಾಗಿ ಬಿಗಿಯದಿದ್ದುದರಿಂದ ಆ ಸಂದಿನಲ್ಲಿ ಹೊರಗಣ ಗಾಳಿ ಒಳನುಗ್ಗುತ್ತಿದ್ದಿತು. ಹೊಗೆಯಲ್ಲಿ ಆಮ್ಲಜನಕವು ಹೆಚ್ಚಾಗಿದೆಯೆಂದು ಸೆನ್ಸಾರು ಮೋಸಹೋಗಿ ಪೆಟ್ರೋಲನ್ನು ಅಧಿಕವಾಗಿ ಬಿಡಿಸುತ್ತಿದ್ದಿತು. ಅದೇ ಸಂದಿನಿಂದ ಹೊಗೆಯೂ ಸೋರುತ್ತಿದ್ದಿತು.

ಆದುದರಿಂದ ಹೊಗೆಕೊಳವೆಯನ್ನು ಬದಲಾಯಿಸುವಾಗ ಗೃಹಸ್ಥರು ಕೆಲವು ಸಂಗತಿಗಳನ್ನು ಲಕ್ಷ್ಯದಲ್ಲಿಡತಕ್ಕದ್ದು. ಸೈಲೆನ್ಸರ್ ಕೆಟ್ಟರೆ ಸೈಲೆನ್ಸರನ್ನೇ ಬದಲಾಯಿಸಿರಿ. ಕನ್ವರ್ಟರ್ ಕಟ್ಟಿಕೊಂಡಿದೆಯೆಂದು ಹೇಳಿದರೆ ಪರೀಕ್ಷೆ ಮಾಡಿಸಿ ನೋಡದೆ ನಂಬಬೇಡಿರಿ. ಅದು ನಿಜವಾಗಿ ಕೆಟ್ಟಿದ್ದರೆ ಕಾರಣವನ್ನು ಮೊದಲು ಹುಡುಕಿಸಿರಿ. ಕಿಡಿ ತಪ್ಪಿದ ಇಂಜಿನ್ನಿನಿಂದ ಉರಿಯದ ಪೆಟ್ರೋಲು ಬಂದು ಕನ್ವರ್ಟರಿನಲ್ಲಿ ಉರಿದರೆ ಹೊಸದೂ ಕರಗಿಹೋಗುವುದು. ಸೆನ್ಸಾರನ್ನು ಕಳಚುವಾಗ ಅದರ ತಂತಿಯನ್ನು ಎಳೆಯದಂತೆಯೂ, ತುದಿಗೆ ಎಣ್ಣೆ ಜಿಡ್ಡು ಸೋಕದಂತೆಯೂ ನೋಡಿಕೊಳ್ಳಬೇಕು. ಕೆಲವು ಬಗೆಯ ಸಿಲಿಕೋನ್ ಅಂಟುಗಳ ಆವಿಯಿಂದಲೂ ಸೆನ್ಸಾರು ಕೆಡುವುದು. ಕೀಲುಗಳಿಗೆ ಹೊಸ ಗ್ಯಾಸ್ಕೆಟ್ ಹಾಕಿಸಿ, ಸೋರಿಕೆಯಿಲ್ಲವೆಂದು ಖಚಿತಮಾಡಿಕೊಂಡೇ ಮನೆಗೆ ತನ್ನಿರಿ. ದೀಪ ಹೊತ್ತಿದರೆ ದೀಪವನ್ನು ಆರಿಸುವ ಉಪಾಯವನ್ನು ಹುಡುಕದೆ ದೋಷವನ್ನು ಹುಡುಕಿಸಿರಿ. ಗಾಡಿಯನ್ನು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯೂ ನಿಷೇಧಿಸಿದೆ.

ಹೊಸ ಕನ್ವರ್ಟರಿಗೆ ನಾನು ತೆತ್ತ ಹಣವು ಉಳಿಸಿದ ಕೂಲಿಯ ಹಲವು ಪಾಲಾಯಿತು. ಅದಕ್ಕೆ ನನಗೆ ವ್ಯಸನವಿಲ್ಲ. ನಮ್ಮ ಬೀದಿಯಲ್ಲಿ ಪ್ರತಿದಿನ ಬೆಳಿಗ್ಗೆ ಶಾಲೆಯ ಮಕ್ಕಳು ಸಾಲಾಗಿ ನಡೆದುಹೋಗುತ್ತಾರೆ. ಆ ಕೆಲವು ವಾರಗಳು ಅವರೆಲ್ಲರೂ ನನ್ನ ಗಾಡಿಯ ವಿಷವನ್ನು ಉಸಿರಾಡಿದರೆಂಬುದೇ ನನ್ನ ವ್ಯಸನ. ಮೊಮ್ಮಗಳಿಗೆ ತಲೆನೋವು ಬಂದುದರಿಂದ ನನಗೆ ತಿಳಿಯಿತು. ಆ ಮಕ್ಕಳಲ್ಲಿ ಯಾರಾದರೂ ಬಂದು ನನಗೆ ಹೇಳುತ್ತಿದ್ದರೇ?