ಗಿಟಾರಿನ ಗುಂಗಿನಲ್ಲಿ ಏಷ್ಯಾ

1969ರಲ್ಲಿ ಜಪಾನಿನ ಯುವಜನರನ್ನು ಮರುಳುಮಾಡಿದ ಹಾಡುಗಳಲ್ಲಿ 'ಸ್ಮೈಲ್ ಫಾರ್ ಮಿ' ಒಂದು. ಹಾಡಿದ್ದು ಕ್ಯೋಟೊ ನಗರದ 'ದಿ ಟೈಗರ್ಸ್' ತಂಡ. ಬರೆದುಕೊಟ್ಟವರು ಬೀ ಜೀಸ್ ಖ್ಯಾತಿಯ ಬ್ಯಾರಿ ಮತ್ತು ಮಾರಿಸ್ ಗಿಬ್. ಧ್ವನಿಮುದ್ರಣ ನಡೆದದ್ದು ಲಂಡನ್ನಿನಲ್ಲಿ. ಜಪಾನಿನ ಕಂಠ, ಇಂಗ್ಲೆಂಡಿನ ರಾಗ ಎರಡನ್ನೂ ಕೂಡಿಸಿ ಆ ಹಾಡನ್ನು ರೂಪಿಸಿದ ನಿರ್ಮಾಪಕ ಬೆಂಗಳೂರಿನಲ್ಲಿ ಹುಟ್ಟಿದ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಕೊಡವ ಯುವಕ: ಬಿದ್ದು ಅಪ್ಪಯ್ಯ.

ಮಡಿಕೇರಿ ಪಕ್ಕದ ಗಾಳಿಬೀಡಿಗೆ ವಾರಾಂತ್ಯದಲ್ಲಿ ಬೆಂಗಳೂರಿನ ಹುಡುಗ ಹುಡುಗಿಯರು ಗುಂಪುಗುಂಪಾಗಿ ಬರುತ್ತಾರೆ. ಬೆಳಗ್ಗೆ ಜೀಪು ಹತ್ತಿ ಮಾಂದಲಪಟ್ಟಿ, ರಾತ್ರಿ ಹೋಂಸ್ಟೇ ಅಂಗಳದಲ್ಲಿ ಬೆಂಕಿ, ಹಾಡು, ಕುಣಿತ. ಆ ಹಾಡುಗಳ ನಡುವೆ 'ಕುಂಗ್ ಫು ಫೈಟಿಂಗ್', 'ಆಪ್ ಜೈಸಾ ಕೋಯಿ' ಅಥವಾ 'ಮೇಡ್ ಇನ್ ಇಂಡಿಯಾ' ಬಂದರೆ ಅಚ್ಚರಿಯಿಲ್ಲ. ಈ ಮೂರರ ಹಿಂದೆಯೂ ಇರುವವರು ಇದೇ ಅಪ್ಪಯ್ಯ. ಕೊಡಗು ತನ್ನ ದಂಡನಾಯಕರನ್ನೂ ಹಾಕಿ ಆಟಗಾರರನ್ನೂ ನೆನೆದಷ್ಟು ಈ ಸಂಗೀತಗಾರನನ್ನು ನೆನೆದಿಲ್ಲ.

ಡಿಸ್ಕೋ ಅವರ ಎರಡನೆಯ ಅಧ್ಯಾಯ. ಮೊದಲನೆಯದು ರಾಕ್. ರೇಡಿಯೊ ಸಿಲೋನ್ ಕೇಳುತ್ತ ಬೆಳೆದ ಹುಡುಗ ಗೆಳೆಯರೊಂದಿಗೆ 'ಟ್ರೋಜನ್ಸ್' ತಂಡ ಕಟ್ಟಿ ಬೆಂಗಳೂರು, ಕಲ್ಕತ್ತ, ಮುಂಬಯಿಗಳ ಕ್ಲಬ್ಬುಗಳಲ್ಲಿ ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಹಾಡುಗಳನ್ನು ನುಡಿಸಿದ. ಆಮೇಲೆ ಮಧ್ಯಪ್ರಾಚ್ಯದ ಹಾದಿಯಲ್ಲಿ ಸಿಕ್ಕ ವಾಹನ ಹಿಡಿಯುತ್ತ, ಹಾಡುತ್ತ ಇಂಗ್ಲೆಂಡ್ ಸೇರಿದ. 1967ರಲ್ಲಿ 'ಡಾಟರ್ ಆಫ್ ಲವ್' ಎಂಬ ಅವರದೇ ಕಂಠದ ರೆಕಾರ್ಡು ಅಲ್ಲಿ ಹೊರಬಂತು. ಲಂಡನ್ನಿನಲ್ಲಿ ಸೈಕೆಡೆಲಿಕ್ ರಾಕ್ ತುಂಬು ಹರೆಯದಲ್ಲಿದ್ದ ವರ್ಷ ಅದು.

ಆ ಸಂಗೀತದ ಬಗೆ ಹೀಗೆ. ಗಿಟಾರಿನ ಸ್ವರವನ್ನು ಬೇಕೆಂದೇ ಒಡೆದು ಗೊಗ್ಗರಾಗಿಸುವ ಫಜ್, ಕಾಲಿನಿಂದ ಒತ್ತುತ್ತ ಸ್ವರದ ಬಾಯಿ ತೆರೆದು ಮುಚ್ಚುವ ವಾ-ವಾ ಪೆಡಲ್, ಟೇಪಿನಿಂದ ಹುಟ್ಟಿಸಿದ ಪ್ರತಿಧ್ವನಿ ಅದರ ಸಲಕರಣೆಗಳು. ಮೂರು ನಿಮಿಷಕ್ಕೆ ಮುಗಿಯುತ್ತಿದ್ದ ಹಾಡು ಈಗ ಹತ್ತು, ಹದಿನೈದು ನಿಮಿಷ ಹಬ್ಬಿತು. ಎಲ್‌ಎಸ್‌ಡಿ ಮುಂತಾದ ಮಾದಕಗಳು ಕೊಡುವ ಭ್ರಮೆಯನ್ನು ಶಬ್ದದಲ್ಲಿ ಕಟ್ಟುವ ಹಂಬಲ ಅದರ ಹುಟ್ಟಿಗೆ ಕಾರಣ ನಿಜ. ಆದರೆ ಕಿವಿಗೆ ಹಿಡಿಸುವ ಗುಂಗಿನಲ್ಲಿ ದೊಡ್ಡ ಪಾಲು ಭಾರತದ್ದು. 1965ರಲ್ಲಿ ಜಾರ್ಜ್ ಹ್ಯಾರಿಸನ್ 'ನಾರ್ವೇಜಿಯನ್ ವುಡ್' ಹಾಡಿಗೆ ಸಿತಾರ್ ನುಡಿಸಿದರು. 1967ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದಲ್ಲಿ ರವಿಶಂಕರ್, ಅಲ್ಲಾ ರಖಾ ಗಂಟೆಗಟ್ಟಲೆ ನುಡಿಸಿದರು. ತಂಬೂರಿಯಂತೆ ನಿಲ್ಲದ ಶ್ರುತಿ, ಅದರ ಮೇಲೆ ಅವಸರವಿಲ್ಲದೆ ಬೆಳೆಯುವ ಆಲಾಪನೆ ಪಶ್ಚಿಮದ ಗಿಟಾರಿಗೆ ದಾಟಿದ್ದು ಹೀಗೆ. ಹಾಗಾಗಿ ಏಷ್ಯಾದ ಸೈಕೆಡೆಲಿಕ್ ರಾಕನ್ನು ಬರಿಯ ಪಾಶ್ಚಾತ್ಯ ಅನುಕರಣೆ ಎಂದು ತಳ್ಳಿಹಾಕುವುದು ತಪ್ಪು.

ಪಶ್ಚಿಮದ ಅಲೆ ಏಷ್ಯಾಕ್ಕೆ ಬಂದ ದಾರಿಗಳು ಬೇರೆ ಬೇರೆ. ದಕ್ಷಿಣ ಕೊರಿಯಾಕ್ಕೆ ಅದನ್ನು ತಂದದ್ದು ಅಮೆರಿಕದ ಸೇನಾ ಶಿಬಿರಗಳು. ಸೈನಿಕರ ಕ್ಲಬ್ಬುಗಳಲ್ಲಿ ಗಿಟಾರ್ ನುಡಿಸುತ್ತ ಬೆಳೆದ ಶಿನ್ ಜೂಂಗ್-ಹ್ಯೂನ್ ಕೊರಿಯಾದ ರಾಕ್ ಪಿತಾಮಹರಾದರು. ಅಧ್ಯಕ್ಷ ಪಾರ್ಕ್ ಚುಂಗ್-ಹೀ ಅವರನ್ನು ಹೊಗಳುವ ಹಾಡು ಬರೆಯಲೊಪ್ಪದ ಅವರು 1975ರಲ್ಲಿ ಗಾಂಜಾ ಪ್ರಕರಣದಲ್ಲಿ ಬಂಧಿತರಾದರು, ಅವರ ಹಾಡುಗಳು ನಿಷೇಧಗೊಂಡವು. ಇಂಡೋನೇಷ್ಯಾದಲ್ಲಿ ಬೀಟಲ್ಸ್ ಧಾಟಿಯಲ್ಲಿ ಹಾಡಿದ್ದಕ್ಕೆ ಕೂಸ್ ಸೋದರರು 1965ರಲ್ಲಿ ಜೈಲು ಕಂಡರು. ಕಾಂಬೋಡಿಯಾದ ಕಥೆ ಇನ್ನೂ ಘೋರ. ಸಿನ್ ಸಿಸಾಮುತ್, ರೋಸ್ ಸೆರೆ ಸೋಥಿಯಾ ಎಂಬ ಅಪ್ರತಿಮ ಗಾಯಕರಿಬ್ಬರೂ 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಅಳಿದರು. ಅವರ ದನಿ ಇಂದು ಕೇಳಸಿಗುವುದು ಜನ ಉಳಿಸಿಕೊಂಡ, ಗಡಿಯಾಚೆ ಒಯ್ದ ರೆಕಾರ್ಡು, ಕ್ಯಾಸೆಟ್ಟುಗಳಿಂದ.

ಟರ್ಕಿಯ ಮಾದರಿಯ ಬಗ್ಗೆ ತುಸು ನಿಧಾನಿಸಬೇಕು. 1965ರಲ್ಲಿ 'ಹುರಿಯೆತ್' ಪತ್ರಿಕೆ 'ಚಿನ್ನದ ಮೈಕ್ರೊಫೋನ್' ಸ್ಪರ್ಧೆ ಆರಂಭಿಸಿತು. ವಾದ್ಯ ಪಶ್ಚಿಮದ್ದಿರಲಿ, ಹಾಡು ಮಾತ್ರ ಟರ್ಕಿ ಭಾಷೆಯದ್ದಾಗಿರಬೇಕು ಎಂಬುದು ಅದರ ಆಶಯ. ಯುವಕರು ಹಳ್ಳಿಯ ಪದಗಳತ್ತ ತಿರುಗಿದರು. ಜೆಮ್ ಕರಾಜಾ, ಬಾರಿಶ್ ಮಾಂಚೊ, ಮೊಗೊಲ್ಲಾರ್ ತಂಡ ಮೊದಲಾದವರಿಂದ ಅನಟೋಲಿಯಾ ರಾಕ್ ಎಂಬ ಪ್ರಕಾರವೇ ಬೆಳೆಯಿತು.

ನಮ್ಮಲ್ಲಿ ಆ ಕೆಲಸಕ್ಕೆ ಇಳಿದದ್ದು ಸಿಗರೇಟು ಕಂಪನಿ. ಇಂಪೀರಿಯಲ್ ಟೊಬ್ಯಾಕೊ ನಡೆಸಿದ 'ಸಿಮ್ಲಾ ಬೀಟ್' ಸ್ಪರ್ಧೆಯ ಹಾಡುಗಳು 1970 ಮತ್ತು 1971ರಲ್ಲಿ ಎಲ್‌ಪಿಗಳಾಗಿ ಬಂದವು. ಬೆಂಗಳೂರಿನ 'ಡೈನೋಸಾರ್ಸ್' ತಂಡ ಅದರಲ್ಲಿದೆ, ಹಾಡಿರುವುದು ಅಮೆರಿಕದ ಕ್ರೀಡೆನ್ಸ್ ತಂಡದ ಹಾಡನ್ನು. ಆ ಎಲ್‌ಪಿಗಳಲ್ಲಿ ಕೇಳುವುದು ಇಂಗ್ಲಿಷೇ. ಕನ್ನಡದಲ್ಲಿ ಹಾಡಿ ಎಂದು ಯಾರೂ ಕೇಳಲಿಲ್ಲ, ಹುಡುಗರಿಗೂ ಹೊಳೆಯಲಿಲ್ಲ. ಸಿನಿಮಾದಲ್ಲೂ ಹಾಗೆಯೇ: 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಪಾಶ್ಚಾತ್ಯ ಧಾಟಿ ಹಿಡಿದಾಗ ಡಾ. ರಾಜ್‌ಕುಮಾರ್ ಅವರಿಂದ ಹಾಡಿಸಿದ್ದು ಇಂಗ್ಲಿಷ್ ಹಾಡು. ಟರ್ಕಿಯ ಪತ್ರಿಕೆ ಹಾಕಿದಂಥ ಒಂದು ಷರತ್ತನ್ನು ಇಲ್ಲಿ ಯಾರಾದರೂ ಹಾಕಿದ್ದರೆ, ಕನ್ನಡ ರಾಕ್‌ಗೆ ಇಂದು ಅರ್ಧ ಶತಮಾನ ಮೀರಿದ ಇತಿಹಾಸ ಇರುತ್ತಿತ್ತು.

ವಿಚಿತ್ರವೆಂದರೆ, ಬೆಂಗಳೂರಿನ ಇನ್ನೊಂದು ಬದಿಯಲ್ಲಿ ಇದೇ ಬೆಸುಗೆ ಬಹಳ ಚೆನ್ನಾಗಿ ನಡೆಯುತ್ತಿತ್ತು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಥಾಪಿಸಿದರು. 1978ರಲ್ಲಿ ಮ್ಯೂನಿಕ್‌ನ ಸೈಕೆಡೆಲಿಕ್ ತಂಡ 'ಎಂಬ್ರಿಯೊ' ಬಸ್ಸು ಹತ್ತಿ ರಸ್ತೆಯಲ್ಲೇ ಅಫ್ಘಾನಿಸ್ತಾನ ದಾಟಿ ಭಾರತಕ್ಕೆ ಬಂತು, ಮಣಿಯವರ ಬಳಗದೊಂದಿಗೆ ನುಡಿಸಿತು. ಮೃದಂಗ, ಘಟ, ಆರ್.ಎ. ರಮಾಮಣಿಯವರ ಕಂಠ ಯುರೋಪಿನ ಕೇಳುಗರನ್ನು ಮುಟ್ಟಿದವು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗಿನ 'ಜ್ಯೋತಿ' 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಬಂತು. ಯಾರೂ ಯಾರನ್ನೂ ಅನುಕರಿಸದೆ ಸಮಾನರಾಗಿ ಕೂತು ನುಡಿಸಿದ ಸಂಗೀತ ಅದು. ಈ ಲೇಖನ ಓದಿದವರು ಒಂದೇ ಒಂದು ಆಲ್ಬಮ್ ಹುಡುಕಿ ಕೇಳುವುದಾದರೆ ಅದನ್ನೇ ಕೇಳಬೇಕು.

ಕನ್ನಡ ತಡವಾಗಿಯಾದರೂ ಗಿಟಾರಿಗೆ ಒಗ್ಗಿತು. 2008ರ ತಮ್ಮ ಮೊದಲ ಆಲ್ಬಮ್‌ನಲ್ಲಿ ರಘು ದೀಕ್ಷಿತ್ ಶಿಶುನಾಳ ಷರೀಫರ ಗುಡುಗುಡಿಯ ತತ್ವಪದವನ್ನು ರಾಕ್ ವೇದಿಕೆಗೆ ತಂದರು. ಸೈಕೆಡೆಲಿಕ್ ಎಳೆಯನ್ನು ನೇರವಾಗಿ ಹಿಡಿದದ್ದು ಬೆಂಗಳೂರಿನ 'ಪರ್ವಾಜ್' ತಂಡ. 2014ರ ಅವರ 'ಬಾರನ್' ಆಲ್ಬಮ್‌ನಲ್ಲಿ ಗಿಟಾರು ನಿಧಾನವಾಗಿ ಹಬ್ಬುತ್ತದೆ, ಮೇಲೆ ಖಾಲಿದ್ ಅಹಮದ್ ಅವರ ಕಂಠ. ಅವರು ಹಾಡುವುದು ಉರ್ದು, ಕಾಶ್ಮೀರಿಗಳಲ್ಲಿ. ಬೆಂಗಳೂರಲ್ಲಿ ಕಾಶ್ಮೀರಿಗೆ ದಕ್ಕಿದ ಈ ಜಾಗ ಕನ್ನಡಕ್ಕೆ, ಕೊಡವ ತಕ್ಕಿಗೆ, ತುಳುವಿಗೆ ಏಕೆ ದಕ್ಕಬಾರದು? ದುಡಿಯ ಲಯದ ಮೇಲೆ ಒಂದೇ ಧಾಟಿಯಲ್ಲಿ ಸಾಗುವ ಕೊಡವ ಪಾಟ್‌ಗಳಲ್ಲಿ ಆ ಗುಂಗು ಮೊದಲಿನಿಂದಲೂ ಇದೆ.

ಎಪ್ಪತ್ತರ ದಶಕದಲ್ಲಿ ಬೆಂಗಳೂರು ದಂಡಿನಲ್ಲಿ, ಮೈಸೂರಿನಲ್ಲಿ, ಮಡಿಕೇರಿಯ ಕ್ಲಬ್ಬುಗಳಲ್ಲಿ ಗಿಟಾರು ಹಿಡಿದವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಬಳಿ ಇರಬಹುದಾದ ಸ್ಪೂಲ್ ಟೇಪು, ಫೋಟೊ, ಕಾರ್ಯಕ್ರಮದ ಕರಪತ್ರಗಳು ನಮ್ಮ ಮಳೆಗಾಲಗಳನ್ನು ಬಹಳ ಕಾಲ ತಾಳುವುದಿಲ್ಲ. ಬೆಂಗಳೂರಿನ ಜೆ.ಪಿ. ನಗರದಲ್ಲಿ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಎಂಬ ಸಂಗೀತ ವಸ್ತುಸಂಗ್ರಹಾಲಯ ಇದೆ. ಮನೆಯ ಅಟ್ಟದಲ್ಲಿ ಅಂಥ ಪೆಟ್ಟಿಗೆ ಇದ್ದವರು ಗುಜರಿಗೆ ಹಾಕುವ ಮುನ್ನ ಒಮ್ಮೆ ಅಂಥವರಿಗೆ ತೋರಿಸಿ; ಅಜ್ಜ, ಮಾವ ಯಾವ ತಂಡದಲ್ಲಿ ಏನು ನುಡಿಸುತ್ತಿದ್ದರೆಂದು ಕೇಳಿ ಬರೆದಿಡಿ.